ಸಾವಿತ್ರೆವ್ವನ ಉಡಿ

ಹೆಂಡತಿ ತೀರಿಕೊಂಡ ಸುದ್ದಿ ಪರಮಾನಂದನಿಗೆ ಮೊಬೈಲಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಿಕ್ಕಿತು. ಬೆಳಗಿನ ಏಳು ಗಂಟೆ. ಜಮಖಂಡಿಯ ಮನೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಅವನು ಎಂದಿನ ಹಾಗೆ ಗುಂಪುಗಳನ್ನು ಒಂದೊಂದಾಗಿ ತೆರೆದು ಮುಚ್ಚುತ್ತಿದ್ದ. ಸಂಸದನಾಗಿದ್ದಾಗ ಯಾರ್ಯಾರೋ ಸೇರಿಸಿದ ಗುಂಪುಗಳು; ಸೋತು ಐದಾರು ವರ್ಷವಾದರೂ ಅವನನ್ನು ತೆಗೆದುಹಾಕುವ ನೆನಪು ಯಾರಿಗೂ ಆಗಿರಲಿಲ್ಲ, ತಾನಾಗಿ ಹೊರಬೀಳುವ ಧೈರ್ಯ ಅವನಿಗೂ ಇರಲಿಲ್ಲ. ಕಬ್ಬಿನ ದರ, ಯಾರದೋ ಹುಟ್ಟುಹಬ್ಬ, ಹೂಕುಂಡದ ಶುಭೋದಯ, ಆಮೇಲೆ ಚೆಂಡುಹೂವಿನ ಅಂಚಿನ ಒಂದು ಚಿತ್ರ, ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ'. ಚಿತ್ರ ಪೂರ್ತಿ ತೆರೆದುಕೊಳ್ಳುವ ಮೊದಲೇ ಅವನ ಬಾಯಿ 'ಭೀಮಶಿ, ಗಾಡಿ ತಗಿ' ಎಂದು ಡ್ರೈವರನನ್ನು ಕೂಗಿ ಆಗಿತ್ತು. ಅದು ಅಭ್ಯಾಸ. ಸಾವಿನ ಮನೆಗೆ ಹೊತ್ತು ಏರುವುದರೊಳಗೆ ಮುಟ್ಟಬೇಕು. ಮಣ್ಣಿಗೆ ನಿಲ್ಲಬೇಕೋ, ಮಾತಾಡಿಸಿ ಹೊರಡಬಹುದೋ ಎಂಬುದನ್ನು ದಾರಿಯಲ್ಲಿ ವಿಚಾರ ಮಾಡಬಹುದು. ಸತ್ತವರು ಯಾರು ಎಂದು ಆಮೇಲೆ ನೋಡಿದ. ಸಾವಿತ್ರೆವ್ವ. ಇಪ್ಪತ್ತು ವರ್ಷದ ಹಿಂದೆ ಅವನು ಕೆಲಸದಲ್ಲಿದ್ದ ಯಾವುದೋ ದೇಶದ ರಾಯಭಾರ ಕಚೇರಿಯ ಹುಲ್ಲುಹಾಸಿನ ಮೇಲೆ ತೆಗೆದ ಫೋಟೋ. ಪಕ್ಕದಲ್ಲಿ ನಿಂತಿದ್ದ ಅವನನ್ನು ಕತ್ತರಿಸಿದ್ದರು, ಆದರೆ ಕತ್ತರಿಸಿದವರ ಕೈ ಅಷ್ಟು ಚೊಕ್ಕವಾಗಿರಲಿಲ್ಲ. ಆಕೆಯ ಭುಜದ ಹತ್ತಿರ ಅವನ ಕೋಟಿನ ಮೊಣಕೈ ಉಳಿದುಕೊಂಡಿತ್ತು. ಕೆಳಗೆ ನಲವತ್ತೊಂದು ಜನ ಕೈ ಮುಗಿದಿದ್ದರು. ಅವನು ಆ ಮೊಣಕೈಯನ್ನೇ ನೋಡುತ್ತ ಕೂತ. ಚಹಾ ಆರಿ ಕೆನೆಗಟ್ಟಿತು.

ಮುಧೋಳಕ್ಕೆ ಫೋನ್ ಮಾಡಿದ. ಆಕೆಯ ಅಣ್ಣ ಶಿವಯೋಗೆಪ್ಪ ಎರಡನೆಯ ಸಲಕ್ಕೆ ಎತ್ತಿದ. ನಿನ್ನೆ ಸಂಜೆ ಚೆನ್ನಾಗಿಯೇ ಇದ್ದಳಂತೆ, ರೊಟ್ಟಿ ಉಂಡು ಮಲಗಿದಾಕೆ ನಸುಕಿನಲ್ಲಿ ಏಳಲಿಲ್ಲವಂತೆ, ಮೂರು ಗಂಟೆಗೆ ತಮ್ಮ ಹೊಲದಲ್ಲೇ ಮಣ್ಣು ಎಂದ. ಕೊಟ್ಟ ಹೆಣ್ಣನ್ನು ಗಂಡನ ಮನೆಯ ಹೊಲದಲ್ಲಿ ಹೂಳುತ್ತಾರೆ. ಜಮಖಂಡಿಯ ಹೊಲದ ಬೇವಿನ ಗಿಡದ ಕೆಳಗೆ ಪರಮಾನಂದನ ಅವ್ವ, ಅಪ್ಪ, ಅಜ್ಜ ಎಲ್ಲ ಸಾಲಾಗಿ ಕೂತಿದ್ದಾರೆ, ಅವರ ಮಗ್ಗುಲಿಗೆ ಎರಡು ಜಾಗ ಖಾಲಿ ಇವೆ. ಅದನ್ನು ಹೇಳಬೇಕೆಂದು ಬಾಯಿ ತೆರೆದ. ಹನ್ನೆರಡು ವರ್ಷ ಹೆಂಡತಿ ತವರಿನಲ್ಲಿದ್ದಾಗ ಒಂದು ಸಲವೂ ಹೊಸ್ತಿಲು ತುಳಿಯದವನು ಈಗ ಯಾವ ಹಕ್ಕಿನಿಂದ ಕೇಳಬೇಕು? 'ಆತು' ಎಂದ. ಶಿವಯೋಗೆಪ್ಪ, "ಬರ್ತೀರಲ್ರಿ ಸಾಹೇಬ್ರ?" ಎಂದ. ಮದುವೆಯಾದ ಹೊಸದರಲ್ಲಿ 'ಏ ಪರಮಾನಂದ, ಬಾರೋ ಒಳಗ' ಎಂದು ಬೆನ್ನಿಗೆ ಗುದ್ದುತ್ತಿದ್ದ ಮನುಷ್ಯ. ಹೆಂಡತಿಯ ಮಣ್ಣಿಗೆ ಬರುತ್ತೀರಲ್ಲವೇ ಎಂದು ಗಂಡನನ್ನು ಕೇಳಬೇಕಾಗಿ ಬಂದದ್ದಕ್ಕೆ ನಾಚಿಕೆಯಾಗಬೇಕಾದದ್ದು ತನಗೇ ಹೊರತು ಅವನಿಗಲ್ಲ ಎಂದು ಪರಮಾನಂದನಿಗೆ ಗೊತ್ತಿತ್ತು. ಆದರೂ ಸಿಟ್ಟು ಬಂತು. ಫೋನ್ ಇಟ್ಟು ಬಚ್ಚಲಿಗೆ ಹೋಗಿ ಗಡ್ಡ ಹೆರೆದುಕೊಳ್ಳತೊಡಗಿದ.

ಗಡ್ಡ ಹೆರೆಯುವಾಗ ಆ ವಿಚಾರ ಬಂತು, ಬಂದದ್ದು ಹೋಗಲಿಲ್ಲ. ಗಂಡ ಬದುಕಿರುವಾಗ ಹೋದವಳು, ಮುತ್ತೈದೆ. ಹಸಿರು ಸೀರೆ ಉಡಿಸುತ್ತಾರೆ, ಕೈತುಂಬ ಬಳೆ ಇಡಿಸುತ್ತಾರೆ, ಉಡಿ ತುಂಬುತ್ತಾರೆ. ತಾನು ಸಾಯದೆ ಉಳಿದದ್ದೊಂದೇ ಆಕೆಗೆ ತನ್ನಿಂದಾದ ಉಪಕಾರ ಎನಿಸಿ ಅವನಿಗೆ ನಗು ಬಂದ ಹಾಗಾಯಿತು. ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡ್ರಿಸುತ್ತಾರೆ; ಕುಣಿಯಲ್ಲೂ ಚಕ್ಕಳಮಕ್ಕಳ ಹಾಕಿಸಿ ಕೂಡ್ರಿಸಿಯೇ ಮಣ್ಣು ಕೊಡುತ್ತಾರೆ. ಕೂತವಳಿಗೆ ಮಡಿಲಿರುತ್ತದೆ. ಆ ಮಡಿಲಲ್ಲಿ, ಅಕ್ಕಿ ಕೊಬ್ಬರಿಬಟ್ಟಲಿನ ಜೊತೆಗೆ, ಹನ್ನೆರಡು ವರ್ಷದ ಹಿಂದೆ ಹೋದ ಮಗಳನ್ನು ಇಡಬಹುದು. ಕಾವ್ಯಳನ್ನು ಆಕೆಯ ಉಡಿಯಲ್ಲಿ ಹಾಕಬಹುದು. ಕೂಸು ತಾಯಿಯ ಹತ್ತಿರ ಹೋದರೆ ಮುಗಿಯಿತಲ್ಲ. ಅವನು ಅರ್ಧ ಹೆರೆದ ಮುಖದಲ್ಲೇ ಹೊರಗೆ ಬಂದು ಮಲಗುವ ಕೋಣೆಯ ಕಬ್ಬಿಣದ ಕಪಾಟು ತೆರೆದ. ಕೆಳಗಿನ ಹಲಗೆಯ ಮೇಲೆ ಹಳೆಯ ಕಡತಗಳ ಹಿಂದೆ ಬೂದು ಬಣ್ಣದ ತಗಡಿನ ಡಬ್ಬಿ ಇತ್ತು, ಅದರ ಮೇಲೆ ಒಂದು ನಂಬರು, ಅವನಿಗೆ ಓದಲು ಬರುವ ಆದರೆ ಯಾರ ಮುಂದೆಯೂ ಓದದ ಒಂದು ಪರಭಾಷೆಯಲ್ಲಿ ಎರಡು ಸಾಲು. ಎರಡೂವರೆ ಕಿಲೋ ತೂಕ. ಸುತ್ತುವುದಕ್ಕೆ ಬಟ್ಟೆ ಹುಡುಕಿದ. ಕೈಗೆ ಸಿಕ್ಕಿದ್ದು ಸನ್ಮಾನದ ಶಾಲು, ಜರಿ ಅಂಚಿನದು. ಮನೆಯಲ್ಲಿ ಅಂಥವು ಮುನ್ನೂರಾದರೂ ಇದ್ದವು, ಬೇರೆ ಬಟ್ಟೆ ಹುಡುಕುವ ತಾಳ್ಮೆ ಇರಲಿಲ್ಲ. ಸುತ್ತಿದ ಮೇಲೆ ಅದು ಯಾರಿಗೋ ಒಯ್ಯುವ ಕಾಣಿಕೆಯಂತೆ ಕಂಡಿತು.

ಭೀಮಶಿ ಮನೆಯ ಹಳೆಯ ಡ್ರೈವರು, ಕೇಳದಿದ್ದರೆ ಬಾಯಿ ಬಿಡುವವನಲ್ಲ. ಅವನಿಗೆ ಆಗಲೇ ಸುದ್ದಿ ಗೊತ್ತಾಗಿತ್ತು, ಕಣ್ಣು ಒರೆಸಿಕೊಂಡಿದ್ದ. ಸಾವಳಗಿ ಕಡೆಯ ಯಾವುದೋ ಮುದುಕನಿಗೋ ಬನಹಟ್ಟಿಯ ನೇಕಾರನಿಗೋ ಒಯ್ಯುವ ಹಾಗೆ ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿ ನಿಲ್ಲಿಸಿ, ತಾನಾಗಿ ಇಳಿದು ಹೋಗಿ, ಗುಲಾಬಿಯ ದೊಡ್ಡ ಮಾಲೆ ತಂದು ಮುಂದಿನ ಸೀಟಿನ ಮೇಲೆ ಇಟ್ಟ. ಸಂಸದನಾಗಿದ್ದಾಗಿನ ರೂಢಿ. ಐದು ವರ್ಷದಲ್ಲಿ ಏಳುನೂರು ಮನೆಗಳಿಗಾದರೂ ಪರಮಾನಂದ ಮಾತಾಡಿಸಲು ಹೋಗಿದ್ದ. ಬೇರೆ ಸಂಸದರು ರಸ್ತೆ ಮಾಡಿಸಿದರು, ಕೆರೆ ತುಂಬಿಸಿದರು. ಇವನು ಸಾವಿನ ಮನೆಗಳಲ್ಲಿ ಜಮಖಾನದ ಮೇಲೆ ಕೂತ. ಹೋಗಿ ಕೈ ಮುಗಿಯುವುದು, ಏನಾಗಿತ್ತು ಯಾವಾಗ ಆಯಿತು ಎಂದು ಕೇಳುವುದು, ಅವರು ಹೇಳಿದ್ದನ್ನು ತಲೆ ತಗ್ಗಿಸಿ ಕೇಳುವುದು, ಸಮಾಧಾನ ಮಾಡಿಕೊಳ್ಳಿ ಎನ್ನುವುದು, ಸುಮ್ಮನೆ ಕೂಡುವುದು. ಏಳು ನಿಮಿಷ. ರಾಜತಾಂತ್ರಿಕ ಕೆಲಸದಲ್ಲಿ ಮೂವತ್ತು ವರ್ಷ ಕಲಿತ ವಿದ್ಯೆ, ಎಲ್ಲಿ ಎಷ್ಟು ಹೊತ್ತು ಕೂಡಬೇಕು ಎಂಬುದು. ಸಾಹೇಬರದು ಮಾತು ಕಡಿಮೆ, ಮನಸ್ಸು ದೊಡ್ಡದು ಎಂದು ಜನ ಹೇಳಿಕೊಂಡರು. ಖರೆ ಹೇಳಬೇಕೆಂದರೆ ಅವನಿಗೆ ಮಾತು ಇರಲಿಲ್ಲ, ಅಷ್ಟೆ. ಬನಹಟ್ಟಿಯಲ್ಲಿ ಒಮ್ಮೆ ಶಂಕರೆಪ್ಪ ಎಂಬ ನೇಕಾರನ ಮನೆಗೆ ಹೋಗಿದ್ದ, ಮಗಳು ತೀರಿಕೊಂಡಿದ್ದಳು. ಓಣಿ ತುಂಬ ಮಗ್ಗದ ಸಪ್ಪಳ, ಅವರ ಮನೆಯ ನಾಲ್ಕು ಮಗ್ಗ ಮಾತ್ರ ನಿಂತಿದ್ದವು. ಶಂಕರೆಪ್ಪ ಅವನ ಕೈ ಹಿಡಿದುಕೊಂಡು, "ನಿಮಗೂ ಹಿಂಗ ಆಗೇತಲ್ರಿ. ನೀವು ಹೆಂಗ ತಡಕೊಂಡ್ರಿ, ಅಷ್ಟ ಹೇಳ್ರಿ" ಎಂದ. ಆ ಮನುಷ್ಯ ನಿಜವಾಗಿಯೂ ಕೇಳುತ್ತಿದ್ದ, ಉತ್ತರ ಬೇಕಾಗಿತ್ತು ಅವನಿಗೆ. ಪರಮಾನಂದ ಕಾಲವೇ ಔಷಧ ಎಂದೋ ಕೆಲಸದಲ್ಲಿ ಮನಸ್ಸಿಡಿ ಎಂದೋ ಏನೋ ಹೇಳಿದ. ಶಂಕರೆಪ್ಪ ಕೈ ಬಿಟ್ಟ.

ಕಬ್ಬು ಕಡಿಯುವ ಕಾಲ. ಮುಧೋಳದ ರಸ್ತೆಯ ತುಂಬ ಎರಡೆರಡು ಟ್ರೇಲರು ಕಟ್ಟಿದ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಫ್ಯಾಕ್ಟರಿಯ ಕಡೆ ಸಾಗುತ್ತಿದ್ದವು, ಭೀಮಶಿ ಅವುಗಳ ಹಿಂದೆ ಹಿಂದೆಯೇ ಉಳಿಯಬೇಕಾಯಿತು. ಡಬ್ಬಿ ಪರಮಾನಂದನ ತೊಡೆಯ ಮೇಲಿತ್ತು. ಅದನ್ನು ಹಿಂದೊಮ್ಮೆ ಹೀಗೆಯೇ ತೊಡೆಯ ಮೇಲೆ ಇಟ್ಟುಕೊಂಡು ಒಂಬತ್ತು ತಾಸು ವಿಮಾನದಲ್ಲಿ ಕೂತಿದ್ದ. ದೆಹಲಿಯಲ್ಲಿ ಅವನ ಪಾಸ್‌ಪೋರ್ಟಿನ ಬಣ್ಣ ನೋಡಿ ಕಸ್ಟಮ್ಸಿನವನು ಸಲಾಮು ಹೊಡೆದು ಬಿಟ್ಟ, ಏನಿದು ಎಂದು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಕೇಳಿದ್ದರೆ ಅಲ್ಲೇ ಬಾಯಿ ಬಿಟ್ಟು ಅಳಬಹುದಾಗಿತ್ತು. ಕಾವ್ಯ ಇಪ್ಪತ್ತು ವರ್ಷದವಳು, ರಜೆಗೆಂದು ಆ ಚಳಿಯ ದೇಶಕ್ಕೆ ಅಪ್ಪನ ಹತ್ತಿರ ಬಂದವಳು. ಸಾವಿತ್ರೆವ್ವ ಮುಧೋಳದಲ್ಲಿ ಹಾಸಿಗೆ ಹಿಡಿದ ತಾಯಿಯ ಆರೈಕೆಗೆ ನಿಂತಿದ್ದಳು. ಜ್ವರ ಬಂತು. ಫ್ಲೂ ಇರಬೇಕು, ಬಿಸಿನೀರು ಕುಡಿದು ಮಲಗು ಎಂದು ಹೇಳಿ ಅವನು ಔತಣಕ್ಕೆ ಹೋದ, ದೆಹಲಿಯಿಂದ ಮಂತ್ರಿಗಳು ಬಂದಿದ್ದರು, ಒಪ್ಪಂದಕ್ಕೆ ಸಹಿ ಬೀಳುವುದಿತ್ತು. ಹೊರಡುವಾಗ ಟೈ ನೆಟ್ಟಗಾಗದೆ ಒದ್ದಾಡುತ್ತಿದ್ದವನನ್ನು ಅವಳು ಹಾಸಿಗೆಯಿಂದಲೇ ಕರೆದು ಸರಿಮಾಡಿದಳು, ಬೆರಳು ಸುಡುತ್ತಿದ್ದವು. ಮೂರನೆಯ ದಿನ ಅವಳು ಇರಲಿಲ್ಲ. ಮಿದುಳಿನ ಜ್ವರ, ಆರು ತಾಸು ಮೊದಲು ತಂದಿದ್ದರೆ ಎಂದು ಡಾಕ್ಟರು ಹೇಳತೊಡಗಿ, ಎದುರಿಗಿರುವವನು ರಾಯಭಾರಿ ಎಂದು ನೆನಪಾಗಿ, ಮಾತು ನಿಲ್ಲಿಸಿದರು.

ಆಸ್ಪತ್ರೆಯ ಕಾರಿಡಾರಿನಿಂದಲೇ ಮುಧೋಳಕ್ಕೆ ಫೋನ್ ಮಾಡಿದ್ದ. ಸಾವಿತ್ರೆವ್ವ ಚೀರಲಿಲ್ಲ. "ಕುಂದರಿಸ್ರಿ. ನಾ ಬರೂತನಕಾ ಮಲಗಿಸಬ್ಯಾಡ್ರಿ" ಎಂದಳು. ಆ ದೇಶದಲ್ಲಿ ಸತ್ತವರನ್ನು ಕೂಡ್ರಿಸುವ ಪದ್ಧತಿಯಿಲ್ಲ. ಆ ಹೊತ್ತಿಗಾಗಲೇ ಕಾವ್ಯಳನ್ನು ಉಕ್ಕಿನ ಡ್ರಾಯರಿನಲ್ಲಿ ಉದ್ದಕ್ಕೆ ಮಲಗಿಸಿ ಬೀಗ ಹಾಕಿದ್ದರು. ಅದನ್ನು ಹೇಳಲಿಲ್ಲ. ವಿಮಾನ ಸಿಗುವುದಿಲ್ಲ, ನಾಲ್ಕು ದಿನ ಆಗುತ್ತದೆ, ಅಷ್ಟು ದಿನ ಇಡಲಿಕ್ಕೆ ಬರುವುದಿಲ್ಲ ಎಂದ. ವಿಮಾನ ಇತ್ತು. ಅವನ ಕೈಕೆಳಗಿನ ಕಾರ್ಯದರ್ಶಿ ಸಾವಿತ್ರೆವ್ವನ ಹೆಸರಿನಲ್ಲಿ ಮರುದಿನದ ಸೀಟು ಹಿಡಿದು ಚೀಟಿಯನ್ನು ಅವನ ಕೈಗೆ ಕೊಟ್ಟೂ ಆಗಿತ್ತು. ಆದರೆ ಆಕೆ ಬಂದರೆ ಮನೆ ತುಂಬ ಅಳು, ಮಣ್ಣೇ ಆಗಬೇಕೆಂಬ ಹಟ, ಅಲ್ಲಿಂದ ಊರಿಗೆ ಒಯ್ಯುವ ಕಾಗದಪತ್ರ, ಮರುದಿನ ಬೆಳಿಗ್ಗೆ ಹತ್ತಕ್ಕೆ ಸಹಿ. ಇಲ್ಲೇ ಮುಗಿಸೋಣ ಎಂದ. ಸುಟ್ಟು ಬೂದಿಯನ್ನು ಆ ತಗಡಿನ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಅವರ ವಂಶದಲ್ಲಿ ಯಾರನ್ನೂ ಸುಟ್ಟದ್ದಿಲ್ಲ. ಸಹಿಯ ಸಮಾರಂಭದಲ್ಲಿ ಅವನು ಮಂತ್ರಿಗಳ ಎಡಕ್ಕೆ ನಿಂತು ಪೆನ್ನಿನ ಮುಚ್ಚಳ ಹಿಡಿದುಕೊಂಡಿದ್ದ ಫೋಟೋ ಎಲ್ಲ ಪತ್ರಿಕೆಗಳಲ್ಲಿ ಬಂತು. ಮಗಳ ಶವ ಒಂದು ಕಡೆ, ಕರ್ತವ್ಯ ಒಂದು ಕಡೆ ಎಂದು ಬರೆದರು. ಆ ಫೋಟೋ ನೋಡಿಯೇ ಪಕ್ಷದವರು ಹುಡುಕಿಕೊಂಡು ಬಂದರು.

ಬೇಡ ಎನ್ನಬಹುದಿತ್ತು. ಒಂದು ಸಲ ಅಂದೂ ನೋಡಿದ, ಆದರೆ ಬೇಡ ಎನ್ನುವಾಗ ಎಷ್ಟು ಮೆತ್ತಗೆ ಅನ್ನಬೇಕೋ ಅಷ್ಟೇ ಮೆತ್ತಗೆ ಅಂದ. ಬೀಳಗಿಯ ಮೊದಲ ಸಭೆಗೆ ಹೋದಾಗ ವೇದಿಕೆಯ ಹಿಂದೆ ಕಾವ್ಯಳ ಮುಖ ಕಂಡಿತು, ಎರಡಾಳು ಎತ್ತರ, ಕಾಲೇಜಿನ ಗುರುತಿನ ಚೀಟಿಯಿಂದ ದೊಡ್ಡದು ಮಾಡಿದ್ದು, ಕಣ್ಣುಗಳು ಒಡೆದು ಚುಕ್ಕೆಚುಕ್ಕೆಯಾಗಿದ್ದವು. ಯಾರು ಕೊಟ್ಟರು, ಯಾರನ್ನು ಕೇಳಿ ಹಾಕಿದಿರಿ ಎಂದು ಕೇಳಬೇಕೆಂದುಕೊಂಡ. ಎದುರಿಗೆ ಆರೇಳು ಸಾವಿರ ಜನ. ಹೆಂಗಸರು ಸೆರಗಿನಿಂದ ಕಣ್ಣು ಒರೆಸುತ್ತಿದ್ದರು. ಅವನು ಆ ಮುಖಕ್ಕೆ ಬೆನ್ನು ಮಾಡಿ ನಿಂತು ನಲವತ್ತು ನಿಮಿಷ ಮಾತಾಡಿದ, ನೀರಾವರಿಯ ಬಗ್ಗೆ. ಮುಂದಿನ ವಾರ ಮುಧೋಳದಲ್ಲಿ ಮೈಕು ಕಟ್ಟಿದ ಆಟೋಗಳು ಓಣಿ ಓಣಿ ತಿರುಗಿ, ಮಗಳು ಹೋದರೂ ದೇಶದ ಕೆಲಸ ಬಿಡದ ಅಪ್ಪ ಎಂದು ಕೂಗಿ ಓಟು ಕೇಳಿದವು. ಶಿವಯೋಗೆಪ್ಪನ ಮನೆಯ ಮುಂದೆಯೂ ಕೂಗಿದವು. ಸಾವಿತ್ರೆವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳಂತೆ, ಮೊರ ಕೆಳಗಿಟ್ಟು ಒಳಗೆ ಹೋದಳಂತೆ. ಇಷ್ಟು ಅವನಿಗೆ ಭೀಮಶಿಯಿಂದ ತಿಳಿದದ್ದು. ಆಕೆ ಯಾವತ್ತೂ ಏನೂ ಅನ್ನಲಿಲ್ಲ, ಅವನ ಫೋನ್ ಎತ್ತಲಿಲ್ಲ, ಜಮಖಂಡಿಗೆ ಬರಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ದೇಶ ದೇಶಗಳ ಜೊತೆ ಮಾತುಕತೆ ನಡೆಸಿದವನಿಗೆ ಮಾತೇ ಆಡದವಳ ಜೊತೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಮುಧೋಳದ ಸರ್ಕಲಿನಲ್ಲಿ ಫ್ಲೆಕ್ಸು ಕಟ್ಟುತ್ತಿದ್ದರು. ಮಾಜಿ ಸಂಸದರ ಧರ್ಮಪತ್ನಿ ಎಂದು ಬರೆದು, ಮೂಲೆಯಲ್ಲಿ ಸಾವಿತ್ರೆವ್ವನ ಸಣ್ಣ ಫೋಟೋ, ನಡುವೆ ಕೈ ಮುಗಿದ ಅವನ ದೊಡ್ಡ ಫೋಟೋ ಹಾಕಿದ್ದರು. ದೂರದಿಂದ ನೋಡಿದವರಿಗೆ ಸತ್ತವನು ಅವನೇ ಅನಿಸುವ ಹಾಗಿತ್ತು. ಶಿವಯೋಗೆಪ್ಪನ ಮನೆಯ ಮುಂದೆ ಶಾಮಿಯಾನ, ಭಜನೆಯವರ ತಾಳ. ಬಾಗಿಲಲ್ಲಿ ಕಟ್ಟಿದ್ದ ಬೇಟೆನಾಯಿ ಒಂದು ಕಿವಿ ಎತ್ತಿ ನೋಡಿ ಮತ್ತೆ ಮಲಗಿತು. ಎಲ್ಲರೂ ತನ್ನ ಕಡೆ ತಿರುಗಿದ್ದು ಪರಮಾನಂದನಿಗೆ ಗೊತ್ತಾಯಿತು. ಜನ ನೋಡಿದೊಡನೆ ಅವನ ಮೈ ತಾನಾಗಿಯೇ ಒಂದು ತೆರನಾಗಿ ನಡೆಯತೊಡಗುತ್ತದೆ. ಡಬ್ಬಿಯನ್ನು ಕಂಕುಳಲ್ಲಿ ಅವುಚಿ ಎರಡೂ ಕೈ ಜೋಡಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ಬಾಗಿಸುತ್ತ ನೆಟ್ಟಗೆ ಶಿವಯೋಗೆಪ್ಪನ ಹತ್ತಿರ ಹೋದ. ಅವನ ಕೈ ಹಿಡಿದುಕೊಂಡ. "ಏನಾಗಿತ್ತ್ರಿ? ಯಾವಾಗ ಆತು?" ಎಂದ. ಶಿವಯೋಗೆಪ್ಪ ಅವನ ಮುಖ ನೋಡಿದ, ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದ. ಪರಮಾನಂದ ತಲೆ ತಗ್ಗಿಸಿ ಕೇಳಿದ, "ಸಮಾಧಾನ ಮಾಡ್ಕೋರಿ" ಎಂದ. ಅಂದ ಮೇಲೆ ಸುತ್ತಲೂ ಸದ್ದು ಅಡಗಿದ್ದು, ಭಜನೆಯ ಒಬ್ಬ ಮುದುಕ ತಾಳ ಕುಟ್ಟುವುದನ್ನು ನಿಲ್ಲಿಸಿ ತನ್ನನ್ನೇ ನೋಡುತ್ತಿದ್ದದ್ದು ಅರಿವಿಗೆ ಬಂತು. ತನ್ನ ಹೆಂಡತಿಯ ಸಾವಿಗೆ ತಾನೇ ಮಾತಾಡಿಸಲು ಬಂದಿದ್ದ. ಕಿವಿ ಬಿಸಿಯಾದವು. ಆಡಿದ್ದನ್ನು ತಿದ್ದುವಷ್ಟರಲ್ಲಿ ಪಕ್ಷದ ತಾಲೂಕು ಮುಖಂಡ ಗಿರಿಮಲ್ಲಪ್ಪ ಬಂದು ತೋಳು ಹಿಡಿದು, ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳ ಮೊದಲ ಸಾಲಿನಲ್ಲಿ ಮಾಜಿ ಶಾಸಕರೊಬ್ಬರ ಪಕ್ಕ ಕೂಡ್ರಿಸಿದ.

ಅಲ್ಲಿಂದ ಆಕೆ ಕಾಣುತ್ತಿದ್ದಳು. ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂಡ್ರಿಸಿದ್ದರು, ಹಣೆ ತುಂಬ ವಿಭೂತಿ, ಹಸಿರು ಸೀರೆ, ಕತ್ತು ತುಸು ಎಡಕ್ಕೆ ವಾಲಿತ್ತು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಅವನು ನೋಡಿರಲಿಲ್ಲ. ಆಕೆಯ ಸುತ್ತ ಹೆಂಗಸರು ಕೂತಿದ್ದರು, ಅವರ ನಡುವೆ ಒಬ್ಬ ಗಂಡಸು ಕೂಡುವಷ್ಟು ಜಾಗವೂ ಇತ್ತು. ಎದ್ದು ಹೋಗಿ ಅಲ್ಲಿ ಕೂಡಬೇಕು, ಅಷ್ಟೇ ಮಾಡಬೇಕಾದದ್ದು, ಹದಿನೈದು ಹೆಜ್ಜೆ. ಮಾಜಿ ಶಾಸಕರು ಅವನ ಕಿವಿಯಲ್ಲಿ ಬರುವ ಚುನಾವಣೆಯ ಟಿಕೆಟ್ಟಿನ ಮಾತು ಹೇಳುತ್ತಿದ್ದರು, ಅವನು ಹೂಂ ಎನ್ನುತ್ತಿದ್ದ. ಅಷ್ಟರಲ್ಲಿ ಮೈಕು ಹಿಡಿದವನು ಮಾಜಿ ಸಂಸದರು ಅಂತಿಮ ದರ್ಶನ ಪಡೆದು ಶಾಲು ಹೊದಿಸುತ್ತಾರೆ ಎಂದು ಸಾರಿದ. ಗಿರಿಮಲ್ಲಪ್ಪ ಅವನ ಕಂಕುಳಿನ ಗಂಟನ್ನು ತಾನೇ ತೆಗೆದುಕೊಂಡು, ಭಾರ ನೋಡಿ ತುಸು ಬೆರಗಾಗಿ, ಮಾಲೆ ತೆಂಗಿನಕಾಯಿ ಇಟ್ಟಿದ್ದ ಮೇಜಿನ ಮೇಲೆ ಇಟ್ಟು ಶಾಲು ಬಿಚ್ಚತೊಡಗಿದ. ಪರಮಾನಂದ ಎದ್ದವನೇ ಓಡಿದ. ಎಪ್ಪತ್ತು ವರ್ಷದ ಮನುಷ್ಯ, ಕುರ್ಚಿ ಉರುಳಿಬಿತ್ತು. ಗಿರಿಮಲ್ಲಪ್ಪನ ಕೈ ತಳ್ಳಿ ಡಬ್ಬಿ ಎದೆಗೆ ಅವುಚಿಕೊಂಡು, ಮುಟ್ಟಬ್ಯಾಡಲೇ ಎಂದ, ಎಲ್ಲರಿಗೂ ಕೇಳಿಸುವ ಹಾಗೆ. ಮೂವತ್ತು ವರ್ಷದಲ್ಲಿ ಯಾರನ್ನೂ ಹಾಗೆ ಅಂದವನಲ್ಲ. ಗಿರಿಮಲ್ಲಪ್ಪ ಪೆಚ್ಚಾಗಿ ಸರಿದ. ಕುರ್ಚಿಗೆ ವಾಪಸು ಹೋಗಲಾಗದೆ, ಕಟ್ಟೆಯ ಕಡೆಗೂ ಹೋಗಲಾಗದೆ ಪರಮಾನಂದ ಶಾಮಿಯಾನದ ಕಂಬದ ಹತ್ತಿರ ನಿಂತ, ಮಣ್ಣಿಗೆ ಹೊರಡುವ ತನಕ ಅಲ್ಲೇ ನಿಂತಿದ್ದ. ಯಾರೂ ಬಂದು ಮಾತಾಡಿಸಲಿಲ್ಲ.

ಹೊಲ ಊರಿಗೆ ಹತ್ತಿರವೇ ಇತ್ತು. ಸುತ್ತ ಆಳೆತ್ತರದ ಕಬ್ಬು, ಒಂದು ಮೂಲೆಯಲ್ಲಿ ಕಡಿದು ಬಯಲು ಮಾಡಿ ಕುಣಿ ತೋಡಿದ್ದರು. ಜನ ಹೆಗಲ ಮೇಲೆ ಹೊತ್ತ ಹೂವಿನ ವಿಮಾನದಲ್ಲಿ ಕೂತು ಬಂದ ಸಾವಿತ್ರೆವ್ವನನ್ನು ಇಳಿಸುವ ಮುಂಚೆ ಪರಮಾನಂದ ಶಿವಯೋಗೆಪ್ಪನನ್ನು ಬದುವಿನ ಹತ್ತಿರ ಕರೆದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ, ಎಲ್ಲಿಂದ ಶುರುಮಾಡಬೇಕು, ಯಾವುದನ್ನು ಬಿಟ್ಟುಕೊಡಬೇಕು ಎಂದು. ಬಾಯಿ ತೆರೆದಾಗ ಬಂದದ್ದು ಒಂದೇ. "ಕಾವ್ಯಾನ್ನ ತಂದೇನಿ. ಆಕಿ ಉಡ್ಯಾಗ ಹಾಕಸ್ರಿ." ಶಿವಯೋಗೆಪ್ಪ ಡಬ್ಬಿಯನ್ನೂ ಅವನನ್ನೂ ನೋಡಿ, ಮಣ್ಣಿನ ವಿಧಿಗೆ ಬಂದಿದ್ದ ಅಯ್ಯನವರನ್ನು ಕರೆದ. ಅಡ್ಡ ಬರುವವರು ಅಯ್ಯನವರೇ ಎಂದು ಪರಮಾನಂದ ತಿಳಿದಿದ್ದ: ಸುಟ್ಟದ್ದು, ಪದ್ಧತಿಯಲ್ಲ, ಮೈಲಿಗೆ, ಹೀಗೆ ಏನೇನೋ. ಅದಕ್ಕೆಲ್ಲ ಉತ್ತರ ಕಟ್ಟಿಕೊಂಡಿದ್ದ. ಅಯ್ಯನವರು ವಿಭೂತಿಯ ಬುಟ್ಟಿ ತೋರಿಸಿ, "ಇದೂ ಬೂದಿನ ಅಲ್ಲೇನ್ರಿ? ನಂದೇನ ತಕರಾರಿಲ್ಲ, ಮನಿಯವರು ಹೂಂ ಅಂದ್ರಾತು" ಎಂದು ಕುಣಿಯ ಕಡೆ ಹೋದರು. ಪರಮಾನಂದನಿಗೆ ಎದೆ ಹಗುರಾಯಿತು, ಮುಗಿಯಿತು ಅನಿಸಿತು. ಹೀಗೆ ಹಗುರಾಗುವುದಕ್ಕೇ ತಾನು ಬಂದದ್ದು ಎಂಬುದೂ ಆಗಲೇ ತಿಳಿಯಿತು. ಮಗಳಿಗಾಗಿಯೂ ಅಲ್ಲ, ಸತ್ತವಳಿಗಾಗಿಯೂ ಅಲ್ಲ. ಆ ಕಪಾಟಿನ ಕೆಳಗಿನ ಹಲಗೆ ಖಾಲಿಯಾದರೆ ಸಾಕಾಗಿತ್ತು ಅವನಿಗೆ.

ಶಿವಯೋಗೆಪ್ಪ ಹೂಂ ಅನ್ನಲಿಲ್ಲ. ಹೆಂಗಸರ ಗುಂಪಿನಿಂದ ತನ್ನ ಹೆಂಡತಿ ಮಾದೇವಿಯನ್ನು ಕರೆದು, ನೀನ ಹೇಳು ಎಂದು ಹೇಳಿ ಬೆನ್ನು ತಿರುಗಿಸಿ ನಿಂತ. ಹನ್ನೆರಡು ವರ್ಷ ಸಾವಿತ್ರೆವ್ವನ ಜೊತೆ ಒಂದೇ ಕೋಣೆಯಲ್ಲಿ ಮಲಗಿದವಳು ಮಾದೇವಿ. ಅಳು ನಿಂತು ಮುಖ ಬಾತಿತ್ತು. ಬೇಡ ಅನ್ನುತ್ತಾಳೆ ಎಂದು ಪರಮಾನಂದನಿಗೆ ಅನಿಸಿ, ಅವಳು ಬಾಯಿ ತೆರೆಯುವ ಮೊದಲೇ, ಯಾರ ಮುಂದೆಯೂ ಹೇಳದ್ದನ್ನು ಹೇಳಿಬಿಟ್ಟ: ಅವತ್ತು ವಿಮಾನ ಇತ್ತು, ಆಕೆಗೆ ಸೀಟೂ ಆಗಿತ್ತು, ನಾನೇ ಸುಳ್ಳು ಹೇಳಿದೆ, ತಪ್ಪು ನನ್ನದು, ಇದೊಂದನ್ನು ನಡೆಸಿಕೊಡಿ ಎಂದ.

"ಅಣ್ಣಾರ, ಅದು ಆಕಿಗೆ ಅವತ್ತ ಗೊತ್ತಿತ್ತು" ಎಂದಳು ಮಾದೇವಿ. ಆ ಮನೆಯಲ್ಲಿ ಬೆಳಗಿನಿಂದ ಅವನನ್ನು ಸಾಹೇಬ್ರ ಎನ್ನದವಳು ಅವಳೊಬ್ಬಳೇ. "ನಿಮ್ಮ ಆಫೀಸಿನವರ ಹೆಂಡ್ತಿ ಯಾರೋ ಫೋನ್ ಮಾಡಿದ್ಲು, ಅಕ್ಕಾರ, ನಾಳೆ ಎಷ್ಟಕ್ಕ ಇಳಿತೀರಿ, ಗಾಡಿ ಕಳಸ್ತೇವಿ ಅಂತ. ನಾ ಬಾಜೂಕನ ಇದ್ದೆ."

ಕುಣಿಯ ಹತ್ತಿರ ಆಕೆಯನ್ನು ಇಳಿಸುತ್ತಿದ್ದರು, ನಾಲ್ಕು ಜನ ಕೆಳಗೆ ಕೈ ಚಾಚಿ ನಿಂತಿದ್ದರು. ಹನ್ನೆರಡು ವರ್ಷ, ಎಂದು ಪರಮಾನಂದ ಲೆಕ್ಕ ಹಾಕಿದ, ಹನ್ನೆರಡು ವರ್ಷ ಈ ಗುಟ್ಟನ್ನು ಆಕೆಯಿಂದ ಬಚ್ಚಿಟ್ಟುಕೊಂಡೇ ತಾನು ಬದುಕಿದ್ದೆ, ಬಚ್ಚಿಡುವುದಕ್ಕೆ ಏನೂ ಇರಲಿಲ್ಲ. ಮಾದೇವಿ ಸೆರಗಿನಿಂದ ಮೂಗು ಒರೆಸಿಕೊಂಡು, ಡಬ್ಬಿಯ ಮೇಲಿನ ಶಾಲನ್ನು ಸರಿಯಾಗಿ ಮುಚ್ಚಿದಳು.

"ಹೋದ ತಿಂಗಳ ಅಂದ್ಲು. ನಾ ಸತ್ರ ಅವರು ಕೂಸಿನ್ನ ಎತಗೊಂಡ ಬರ್ತಾರ, ನನ್ನ ಉಡ್ಯಾಗ ಹಾಕ್ರಿ ಅಂತಾರ. ಹಾಕಬ್ಯಾಡ್ರಿ. ಅವರ ಕಡೆನ ಇರಲಿ. ಇಲ್ಲಂದ್ರ ಮನ್ಯಾಗ ಒಬ್ಬರ ಆಕ್ಕಾರ, ಅಂದ್ಲು."

ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ, ಮತ್ತೇನಾದರೂ ಅಂದಳೇನು ಎಂದು ಕೇಳಿದ. ಇಲ್ಲ, ಅಷ್ಟೇ ಎಂದಳು ಮಾದೇವಿ, ಹೆಂಗಸರ ಕಡೆ ಹೋದಳು. ಆಕೆ ಬೈದು ಹೋಗಿದ್ದರೆ ತಾಳಿಕೊಳ್ಳುತ್ತಿದ್ದ, ಶಾಪ ಹಾಕಿದ್ದರೂ ತಾಳಿಕೊಳ್ಳುತ್ತಿದ್ದ. ಅದಕ್ಕೆಲ್ಲ ಅವನು ತಯಾರಾಗಿ ಬಂದಿದ್ದ. ಆಕೆ ಅವನ ಊಟ, ಅವನ ಖಾಲಿ ಮನೆ, ಸಂಜೆ ಹೊತ್ತು ಅವನು ಒಬ್ಬನೇ ದೀಪ ಹಚ್ಚುವುದು, ಇದನ್ನೆಲ್ಲ ಮುಧೋಳದಲ್ಲಿ ಕೂತು ಲೆಕ್ಕಕ್ಕೆ ತಗೊಂಡಿದ್ದಳು ಎಂಬುದನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ. ಅಳು ಬಂತು. ಏಳುನೂರು ಮನೆಗಳಲ್ಲಿ ಬಾರದ ಅಳು, ಆಸ್ಪತ್ರೆಯ ಕಾರಿಡಾರಿನಲ್ಲೂ ಬಾರದ್ದು, ಮೂಗಿನಿಂದ ಬಾಯಿಂದ ಒಟ್ಟಿಗೇ ಬಂತು, ಜನ ನೋಡುತ್ತಿದ್ದಾರೆ ಎಂದು ಗೊತ್ತಿದ್ದೂ ನಿಲ್ಲಿಸಲಾಗಲಿಲ್ಲ. ಶಿವಯೋಗೆಪ್ಪ ಹಿಂತಿರುಗಿ ಬಂದು ಅವನ ರಟ್ಟೆ ಹಿಡಿದು ಕುಣಿಯ ಅಂಚಿಗೆ ಕರೆದೊಯ್ದ, ಜನ ಸರಿದು ದಾರಿ ಬಿಟ್ಟರು. ಕೆಳಗೆ ಗೂಡಿನಲ್ಲಿ ಸಾವಿತ್ರೆವ್ವ ಕೂತಿದ್ದಳು, ಎಡಗೈಯಲ್ಲಿ ಲಿಂಗ, ಉಡಿಯಲ್ಲಿ ಅಕ್ಕಿ, ಐದು ಅರಿಷಿಣದ ಬೇರು. ಮೊದಲ ಮಣ್ಣು ಗಂಡನದು ಎಂದರು. ಅವನು ಬಾಗಿ ಬಲಗೈಯಲ್ಲಿ ಕರಿಮಣ್ಣು ತೆಗೆದುಕೊಂಡ. ಎರಡೂ ಕೈಲೆ ಹಾಕ್ರಿ ಎಂದು ಯಾರೋ ಹೇಳಿದರು, ಇನ್ನೊಬ್ಬರು ಡಬ್ಬಿ ಹಿಡಿದುಕೊಳ್ಳಲು ಕೈ ಚಾಚಿದರು. ಅವನು ಕೊಡಲಿಲ್ಲ. ಕೂಸನ್ನು ಎಡಗೈಯಲ್ಲಿ ಎದೆಗೆ ಒತ್ತಿಕೊಂಡು, ಒಂದೇ ಕೈಯಲ್ಲಿ ಮೂರು ಸಲ ಮಣ್ಣು ಹಾಕಿದ.